ಒರಟುತನದ ಅಂಕಿ

ಯಾರೋ ಬರೆದು ಊರಿಗೆಲ್ಲ ಬಿಟ್ಟುಕೊಟ್ಟ ತಂತ್ರಾಂಶ,
ಕಾಸಿಲ್ಲ, ಬೀಗವಿಲ್ಲ.
ಒಳಗಿಳಿದರೆ ಸಾವಿರಗಟ್ಟಲೆ ಸಾಲು,
ನಡುವೆಲ್ಲೋ ಒಬ್ಬ ಟಿಪ್ಪಣಿ ಬರೆದಿಟ್ಟಿದ್ದಾನೆ:
ಈ ಸಾಲು ಯಾಕೆ ಬೇಕೋ ತಿಳಿಯದು,
ತೆಗೆದರೆ ನೀರು ಹಿಂದಕ್ಕೆ ಹರಿಯುತ್ತದೆ.
ಅಂದಿನಿಂದ ಅವನನ್ನು ನಂಬಿದ್ದೇನೆ.

ಲಾಲ್‌ಬಾಗಿನ ಕಚೇರಿ, ನನ್ನದು ಹನ್ನೊಂದು ತಿಂಗಳ ಗುತ್ತಿಗೆ.
ಪರದೆಯ ಮೇಲೆ ಕೊಟ್ಟಾರ:
ಗುಂಡಿಗೊಂದು ಚುಕ್ಕೆ, ಚರಂಡಿಗೊಂದು ಗೆರೆ,
ಕದ್ರಿ ಗುಡ್ಡದಿಂದ ಇಳಿದು ಬರುವ ಅಷ್ಟೂ ಮಳೆಗೆ
ಕೊನೆಯಲ್ಲೊಂದು ತ್ರಿಕೋನ. ಅಲ್ಲಿ ಹೊಳೆ,
ಹೊಳೆಯ ಬೆನ್ನಿಗೆ ಕಡಲು,
ದಿನಕ್ಕೆರಡು ಸಲ ಏರಿ ಬಂದು
ಹೊರಗಿನಿಂದ ಬಾಗಿಲು ಒತ್ತಿ ಹಿಡಿಯುವ ಕಡಲು.

ಲೆಕ್ಕ ಹೇಳಿತು: ಇದಿನಬ್ಬರ ಅಂಗಡಿ ಮುಳುಗುವುದಿಲ್ಲ.

ಇದಿನಬ್ಬರು ಏನೂ ಹೇಳಲಿಲ್ಲ.
ಹತ್ತಿ ಹಾಸಿಗೆಗಳನ್ನು ಸರಿಸಿ ದಾರಂದ ತೋರಿಸಿದರು.
ಪೆನ್ಸಿಲಿನ ಗೆರೆಗಳು.
ಮಂಡಿಯೆತ್ತರದ್ದಕ್ಕೆ, ‘ಮಗಳ ನಿಕಾಹ್ ವರ್ಷ’.
ನಾಲ್ಕು ಬೆರಳು ಮೇಲೆ, ‘ಹೊಸ ರಸ್ತೆ ಆದ ನಂತರ’.
ಸೊಂಟದ ಹತ್ತಿರದ್ದಕ್ಕೆ ಹೆಸರಿಲ್ಲ.
“ಅದು ಮರುದಿನ ಕೆಸರು ನೋಡಿ ಎಳೆದದ್ದು,
ಪೆನ್ಸಿಲೂ ತೇಲಿ ಹೋಗಿತ್ತಲ್ಲ.”
ಟೇಪು ಹಿಡಿದು ಅಳೆದುಕೊಂಡೆ.
ನಮ್ಮ ಕಪಾಟುಗಳಲ್ಲಿ ಸಿಗದ ದಾಖಲೆ
ಇಲ್ಲಿತ್ತು, ಗೆದ್ದಲು ಇನ್ನೂ ಮುಟ್ಟದ ಮರದಲ್ಲಿ.

ಮತ್ತೆ ತನಿಯಣ್ಣ ಕೊಕ್ಕೆ ತಂದು ಚಪ್ಪಡಿ ಎತ್ತಿದರು.
ನಕ್ಷೆಯಲ್ಲಿ ಮೂರಡಿ ಅಗಲ, ನೇರ.
ಒಳಗೆ ಅಡ್ಡಕ್ಕೆ ಕುಡಿಯುವ ನೀರಿನ ಪೈಪು,
ಪೈಪಿಗೆ ನೇತುಬಿದ್ದ ಪ್ಲಾಸ್ಟಿಕ್ಕು, ಕೇಬಲ್ಲುಗಳ ಜಡೆ,
ಯಾವುದೋ ಮದುವೆಯ ತಟ್ಟೆಗಳು, ಒಂದು ಹೆಲ್ಮೆಟ್.
“ಮ್ಯಾಪಿನಲ್ಲಿ ಇದೆಲ್ಲ ಉಂಟಾ ಮೇಡಂ?”
ಇಲ್ಲ.
“ಹಾಗಾದ್ರೆ ನೀರಿಗೆ ಮ್ಯಾಪ್ ತೋರಿಸಿ ಬನ್ನಿ,
ನಾನು ಇಲ್ಲೇ ಇರ್ತೇನೆ.”

ತಂತ್ರಾಂಶದಲ್ಲಿ ಇದಕ್ಕೊಂದು ಕಲಂ ಉಂಟು: ಒರಟುತನ.
ನಯವಾದ ಕಾಂಕ್ರೀಟಿಗೆ ಸೊನ್ನೆ ಬಿಂದು ಸೊನ್ನೆ ಒಂದು ಮೂರು.
ರಾತ್ರಿ ಕೂತು ಅಂಕಿ ಏರಿಸುತ್ತ ಹೋದೆ,
ಹೆಲ್ಮೆಟ್ಟಿಗೆ ಒಂದು ಚೂರು, ತಟ್ಟೆಗಳಿಗೆ ಒಂದು ಚೂರು.
ಒಂದೂವರೆಗೆ ಪರದೆಯ ಮೇಲೆ
ನೀರು ಚರಂಡಿಯಿಂದೆದ್ದು, ರಸ್ತೆ ದಾಟಿ,
ಹಾಸಿಗೆ ಅಂಗಡಿಗೆ ನುಗ್ಗಿ
ಹೆಸರಿಲ್ಲದ ಗೆರೆಗೆ ಎರಡು ಬೆರಳು ಕೆಳಗೆ ನಿಂತಿತು.
ಚಪ್ಪಾಳೆ ತಟ್ಟಿದೆ,
ಒಬ್ಬರ ಅಂಗಡಿ ಸರಿಯಾಗಿ ಮುಳುಗಿತೆಂದು,
ಖಾಲಿ ಕೋಣೆಯಲ್ಲಿ, ಒಬ್ಬಳೇ.
ಆಮೇಲೆ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ಹಾಗಾದ್ರೆ ಈ ವರ್ಷ ಬರುವುದಿಲ್ವಾ?”
ಬರುತ್ತದೆ ಕಾಕ. ಬರುವುದು ಈಗ ಕಂಪ್ಯೂಟರಿಗೂ ಗೊತ್ತು.
“ಒಳ್ಳೆದಾಯ್ತು. ಇಷ್ಟು ದಿನ ನನಗೊಬ್ಬನಿಗೇ ಗೊತ್ತಿದ್ದದ್ದು.”

ಜೂನ್ ಹದಿನೆಂಟು. ಉಬ್ಬರ ಮೂರು ಐವತ್ತಕ್ಕೆ.
ಲೆಕ್ಕದ ಪ್ರಕಾರ ಹೊಸ್ತಿಲಿಗೆ ನೀರು ನಾಲ್ಕು ಇಪ್ಪತ್ತಕ್ಕೆ.
ಹಾಸಿಗೆಗಳನ್ನು ಅಟ್ಟಕ್ಕೇರಿಸಿ ಕಾದೆವು.
ನಾಲ್ಕು ಇಪ್ಪತ್ತು. ಇಲ್ಲ.
ನಾಲ್ಕೂವರೆ. ಇಲ್ಲ.
ನಾಲ್ಕು ಮೂವತ್ತೈದಕ್ಕೆ ಬಂತು, ಕಂದು ಬಣ್ಣದ್ದು,
ಬಾಡಿಗೆ ಕೇಳಲು ಬಂದವರ ಹಾಗೆ ಸಾವಕಾಶ.

ಹದಿನೈದು ನಿಮಿಷ ತಪ್ಪು.
ರಾತ್ರಿಯಿಡೀ ಹುಡುಕಿದೆ.
ಮಳೆಯ ಅಳತೆ ಸರಿ, ಉಬ್ಬರ ಸರಿ,
ಯಾಕೆಂದು ತಿಳಿಯದ ಆ ಸಾಲೂ ಇದ್ದಲ್ಲೇ ಇದೆ.
ಬೆಳಿಗ್ಗೆ ತನಿಯಣ್ಣನ ಅಂಗೈಗೆ ಬಟ್ಟೆ ಸುತ್ತಿತ್ತು.
“ನಿನ್ನೆ ಮೂರು ಗಂಟೆಗೆ ಇಳಿದು
ಆ ಪೈಪಿನದ್ದು ಒಂದಷ್ಟು ಎಳೆದು ಹಾಕಿದೆ.
ಪೂರ್ತಿ ಆಗ್ಲಿಲ್ಲ. ನೀರು ಬಂತು.”

ಒರಟುತನದ ಕಲಮಿನಲ್ಲಿ ಕರ್ಸರು ಮಿಣುಕುತ್ತಲೇ ಇತ್ತು.
ಅಂಕಿ ಮುಟ್ಟಲಿಲ್ಲ.
ಕೆಳಗೆ, ಮುಂದೆ ಯಾರಾದರೂ ತೆರೆದು ನೋಡುವವರಿಗೆ,
ಕನ್ನಡದಲ್ಲೇ ಟಿಪ್ಪಣಿ ಬರೆದೆ:
ಮೂರರಿಂದ ನಾಲ್ಕರವರೆಗೆ ಇದು ಸ್ಥಿರವಲ್ಲ.
ಆಗ ಒಳಗೆ ಒಬ್ಬರಿದ್ದರು.