ಒಂದು ಗೇಣು ಕಡಿಮೆ

ಟೇಪು ಕೊರಳಾಗ ಹಾಕ್ಕೊಂಡು ಹೋದೆ,
ಬೀದರಿನ ಮೂಡಲಕ್ಕ, ಹೊಸ ಲೇಔಟಿನ ಮನಿಗೆ.
ಚಪ್ಪಲಿ ಬಿಡ್ರಿ ಅಂತು ಕೆಲಸದ ಹುಡುಗಿ. ಬಿಟ್ಟೆ.
ಅಂಗಾಲಿಗೆ ತಂಪು ಹತ್ತಿತು. ಶಹಾಬಾದಿ ಫರಸಿ ಅಲ್ಲ,
ಇಟಲಿ ಕಲ್ಲಂತ.

ರತ್ನಮಾಲಾಬಾಯಿ ಹಲ್ಲಿನ ಡಾಕ್ಟರು,
ಅಳತಿ ಅಂದರ ಭಾಳ ಬಿಗಿ.
ಕೈ ಹಿಡದು ಒಂದೊಂದೇ ದೇಶ ತೋರಿಸಿದರು.
ಇದು ಜಪಾನ್, ಅಂದರು, ಕಾಗದದ ದೀಪ.
ಕರೆಂಟು ಹೋಗಿತ್ತು, ಜಪಾನಿನಾಗ ಕತ್ತಲಿತ್ತು.
ಇದು ಆಫ್ರಿಕಾ, ಮರದ ಮುಖ,
ಕಣ್ಣಿನ ತೂತಿನಾಗ ಜ್ಯಾಡ ಸಂಸಾರ ಹೂಡಿತ್ತು.
ಬಾಲಿ ದ್ವೀಪದ ಬುದ್ಧ ಮೂಲ್ಯಾಗ ಕುಂತಿದ್ದ,
ಮಡಿಲಾಗ ಸ್ಕೂಟರಿನ ಚಾವಿ.

ಮತ್ತ ಬಿದರಿ ಸಾಮಾನು? ಸುಮ್ಮನ ಕೇಳಿದೆ.
ಅವು ಡಬ್ಬಿಯೊಳಗ ಅವ ರೀ,
ಮದುವಿ ಮುಂಜಿ ಬಂದರ ಕೊಡಲಿಕ್ಕ.

ಈ ಕಿಟಕಿಗೆ ಮೊರಾಕೊ ಬೇಕು, ಅಂದರು.
ಫೋನಿನಾಗ ಕಮಾನು, ಚಿಕ್ಕಿ ಚಿಕ್ಕಿ ನೀಲಿ ಹಂಚು,
ಕಮಾನಿನ ಎರಡೂ ಕಡೆ ತೂಕದ ನೀಲಿ ಪರದೆ.
ಸ್ಟೂಲು ಹತ್ತಿ ಕಿಟಕಿ ತೆಗದೆ.
ಪಡುವಣದ ಬಿಸಲು ಮುಖಕ್ಕ ರಾಚಿತು.
ನೀರಿನ ಟಾಕಿ, ಟವರು, ಒಣಹಾಕಿದ ಚಾದರ,
ಅವುಗಳ ಆಚಿಗೆ ಮದರಸಾದ ಮಿನಾರು.
ಮೈ ಸುಲದದ. ಅಲ್ಲಲ್ಲಿ ಮಾತ್ರ ನೀಲಿ,
ಮದುವಿ ಮುಗದು ತಿಂಗಳಾದ ಮ್ಯಾಲ
ಉಗುರಿನಾಗ ಉಳದ ಬಣ್ಣದ ಹಂಗ.

ಅದು ಕಾಣ್ತದ ರೀ ಇಲ್ಲಿಂದ, ಅಂದೆ.
ಯಾವುದು? ಹಾಂ, ಅದಾ. ಬಿಸಲು ಭಾಳ,
ಪೂರ್ತಿ ಮುಚ್ಚಲಿ.

ಎರಡು ಸಲ ಅಳದೆ. ಚೀಟಿಯಾಗ ಬರಕೊಂಡೆ.

ನನ್ನ ಹೆಸರು ಎಸ್ತೇರಮ್ಮ, ಪಾದ್ರಿಗಳು ಇಟ್ಟದ್ದು,
ಯಾವ ಊರಿನ ಹೆಸರೋ ನಮ್ಮಜ್ಜಿಗೆ ಗೊತ್ತಿರಲಿಲ್ಲ.
ಆಕಿ ಬಾಯಾಗ ಅದು ಇಸ್ತರಿ ಆಯ್ತು.
ಇಸ್ತರೀ, ಬಾ ಇಲ್ಲಿ, ಅಂತ ಕೂಗತಿದ್ದಳು.
ಈಗ ದಿನಾ ಇಸ್ತ್ರಿ ಹೊಡಿತೀನಿ, ನಗು ಬರ್ತದ.

ಮಿಷೀನಿನ ಮುಂದ ಕುಂತಾಗ
ಪಕ್ಕದ ಮನಿ ನಿವೃತ್ತ ಮಾಸ್ತರು ಬಂದರು, ಚಾ ಕುಡಿಲಿಕ್ಕ.
ಪರದೆ ಫಾರಸಿ ಶಬ್ದ ನೋಡವ್ವ, ಅಂದರು.
ಚಾವಿ ಪೋರ್ತುಗೀಜರದು, ಅಲ್ಮಾರಿನೂ ಅವರದೇ.
ಕುರ್ಚಿ ಅರಬರದು. ಚಾ ಚೀನಾದ್ದು.
ನನಗ ಸಿಟ್ಟೇ ಬಂತು. ಹಂಗಾರ ಗ್ವಾಡಿ?
ಮಾಸ್ತರು ಬಸಿಯಾಗಿನ ಚಾ ಊದಿದರು.
ಗ್ವಾಡಿ ನಮ್ಮದು, ಅಂದರು. ಅಚ್ಚಗನ್ನಡ.
ಬಾಗಲಾ?
ಅದೂ ನಮ್ಮದೇ.

ಬಟ್ಟಿಯ ಅಂಚಿನಾಗ ಸಣ್ಣ ಚೀಟಿ ಇತ್ತು.
ಮೊರಾಕೊ ಸೂರತ್ತಿನಾಗ ನೇಯ್ದದ್ದು.
ಬಿಚ್ಚಿ ಡಬ್ಬಿಗೆ ಹಾಕಿದೆ.
ಮೂರನೇ ಸಲ ಅಳದು ಕತ್ತರಿ ಹಾಕುವಾಗ
ಕರೆಂಟು ಹೋಯ್ತೋ, ಕೈ ಸರೀತೋ,
ದೇವರಾಣಿ ನನಗ ಗೊತ್ತಿಲ್ಲ.

ನೇತ ಹಾಕಿದಾಗ ಎರಡೂ ಪರದೆ ನಡುವ ಕೂಡಲಿಲ್ಲ.
ಒಂದು ಗೇಣು ಕಡಿಮೆ.
ಎಳದೆ, ಜಗ್ಗಿದೆ, ಉಂಗುರ ಸರಿಸಿದೆ.
ಸೀಳಿನಿಂದ ಬಿಸಲಿನ ಪಟ್ಟಿಯೊಂದು ಇಳದು
ಇಟಲಿ ದಾಟಿ, ಬುದ್ಧನ ಮೊಣಕಾಲು ಏರಿ,
ಸ್ಕೂಟರಿನ ಚಾವಿ ಮುಟ್ಟಿ ನಿಂತಿತು.

ಡಾಕ್ಟರು ಬಾಯಿ ತೆಗೆಯುವ ಮೊದಲು
ಹುಡುಗಿ ಕಸಬರಗಿ ಹಿಡಕೊಂಡೇ ಸೀಳಿಗೆ ಕಣ್ಣಿಟ್ಟಿತು.
ಬಾಯಾರ, ಅದರ ಮ್ಯಾಲನೂ ನೀಲಿ ಹಂಚು ಅವ ರೀ,
ನಿಮ್ಮ ಫೋನಿನಾಗಿಂದರ ಹಂಗೇ.
ಕಟ್ಟಿಸಿದವರು ಯಾರ ಮನಿ ನೋಡಿ ಬಂದಿದ್ದರೋ?

ಯಾರೂ ಮಾತಾಡಲಿಲ್ಲ.
ನಾನು ಬಿದ್ದ ಟಾಚಣಿ ಆರಿಸ್ತಿದ್ದೆ.

ಮುನ್ನೂರು ಮುರಕೊಂಡರು.
ಬಟ್ಟಿ ತಂದು ಸರಿ ಮಾಡಿಕೊಡ್ತೀನಿ ಅಂದೆ,
ಫೋನು ಮಾಡ್ತೀನಿ ಅಂದರು. ಮಾಡಲಿಲ್ಲ.
ಹೋದ ವಾರ ಉಳಿದ ಬಾಕಿ ಕೇಳಲಿಕ್ಕ ಹೋದೆ.
ಸೀಳು ಹಂಗೇ ಅದ.
ಅದರ ಎದುರಿಗೆ, ಗ್ವಾಡಿಗೆ ಬೆನ್ನು ಹಚ್ಚಿ,
ಒಂದು ಕುರ್ಚಿ ಬಂದು ಕುಂತದ.