ಮೂರೂವರೆಯ ಮಾತ್ರೆ

ಹೊಸೂರಿನ ಲಾರಿ ಹಿಂಬಾಗಿಲು ಬೀಳಿಸುವ ಸದ್ದೇ
ನನಗೆ ಅಲಾರಾಂ.
ಮೂರೂವರೆ. ಕೆ.ಆರ್. ಮಾರ್ಕೆಟ್ಟಿನ ನೆಲ ಆಗಲೇ ಒದ್ದೆ.
ಎಲೆಯಡಿಕೆ ಚೀಲದಿಂದ ಹಾಳೆ ತೆಗೆದು
ಒಂದು ಮಾತ್ರೆ, ನಾಲ್ಕು ಗುಟುಕು ನೀರು.
(ಮೊದಲು ಬಿಡಿ ಮಾತ್ರೆ ಸೆರಗಲ್ಲಿ ಕಟ್ಟುತ್ತಿದ್ದೆ.
ಬೆವರು ಕುಡಿದು ಕರಗುತ್ತೆ ಅಂತ ಬೈಸಿಕೊಂಡೆ.)
ರಾತ್ರಿಯ ಮುದ್ದೆ ಎಂಟಕ್ಕೇ ಮುಗಿದಿದೆ.
ಐದೂವರೆಯವರೆಗೆ ಇನ್ನು ಕಾಫಿಯೂ ಇಲ್ಲ.
ಗೌಸಣ್ಣ ಲೋಟ ಹಿಡಿದು ಬಂದರೆ ಕೈಯಾಡಿಸುತ್ತೇನೆ:
ನನ್ನ ಹೊಟ್ಟೆ ಇನ್ನೂ ಅಂಗಡಿ ತೆಗೆದಿಲ್ಲ.

ಹೋದ ವರ್ಷ, ಶ್ರಾವಣಕ್ಕೆ ಮುಂಚೆ,
ರಿಪೋರ್ಟಲ್ಲಿ ವೈರಸ್ಸು ಕಾಣಿಸಲಿಲ್ಲ.
ಹೋಯಿತು ಅಂದುಕೊಂಡೆ.
ವರಮಹಾಲಕ್ಷ್ಮಿಗೆ ಕನಕಾಂಬರ ಕೈಗೆ ಸಿಗದಷ್ಟು ಏರಿತ್ತು.
ವಿಕ್ಟೋರಿಯಾ ಇರುವುದು ರಸ್ತೆಯಾಚೆ,
ದಾಟುವುದಕ್ಕೆ ಯಾರಿಗೆ ಪುರುಸೊತ್ತು?
ಹಾಳೆ ಖಾಲಿಯಾಯಿತು. ಇನ್ನೊಂದು ತರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ
ಮೊಣಕಾಲು ಮುಚ್ಚುವಷ್ಟು ಸೇವಂತಿಗೆ, ಚೆಂಡು ಹೂ.
ಅಷ್ಟು ಹಳದಿಯ ನಡುವೆ
ನನ್ನ ಕಣ್ಣು ಯಾರ ಕಣ್ಣಿಗೂ ಬೀಳಲಿಲ್ಲ.
ತಕ್ಕಡಿ ಹುಡುಗನೊಬ್ಬ ಕೇಳಿದ,
"ಅಕ್ಕಾ, ಕಣ್ಣಿಗೆ ಹೂವಿನ ಪುಡಿ ಬಿತ್ತಾ?"
ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುತ್ತಾರೆ.
ಸುಳ್ಳು.
ನನ್ನ ಲೋಕ ಮೊದಲೇ ಹಳದಿ ಇತ್ತು.

ಹನ್ನೊಂದು ದಿನ ವಾರ್ಡಿನಲ್ಲಿ.
ಡಾಕ್ಟರ್ ನಫೀಸಾ ಮಂಚದ ತುದಿಯಲ್ಲಿ ಕೂತು:
"ಕಾಣಿಸ್ತಿಲ್ಲ ಅಂದ್ರೆ ಇಲ್ಲ ಅಂತಲ್ಲ, ಮುನಿತಾಯಮ್ಮ.
ಒಳಗೆ ಮುದುರಿ ಮಲಗಿತ್ತು.
ಕಾವಲಿದ್ದವನನ್ನ ನೀವೇ ಮನೆಗೆ ಕಳಿಸಿದ್ರಿ.
ನಾವು ಹೇಳದೆ ಇನ್ನು ನಿಲ್ಲಿಸಬೇಡಿ.
ಮರೆತರೆ, ಅವತ್ತೇ ನೆನಪಾದರೆ, ತಗೊಳ್ಳಿ.
ಮಾರನೆ ದಿನಕ್ಕೆ ಎರಡು ಸೇರಿಸಬೇಡಿ."
ನಾನೋ, ಇವತ್ತು ಮೊಳ ಗಿಡ್ಡವಾದರೆ
ನಾಳೆ ಗೇಣು ಜಾಸ್ತಿ ಹಾಕಿ ಸಮಾಧಾನ ಮಾಡುವವಳು.
ಇದೊಂದು ವ್ಯಾಪಾರದಲ್ಲಿ ಕೊಸರಿಲ್ಲ.

ಅತ್ತಿಗೆ ಮಾಗಡಿಯಿಂದ ಬೇರಿನ ಕಷಾಯ ತಂದಳು.
ಬಾಟಲಿ ಎತ್ತಿಕೊಂಡು ಹೋಗಿ ಡಾಕ್ಟರಿಗೇ ತೋರಿಸಿದೆ.
ಅವರು ಮೂಸಿ, ಬೇಡ ಅಂದರು.
ಅತ್ತಿಗೆ ಈಗಲೂ ಮಾತಾಡಿಸುವುದಿಲ್ಲ.
ಅಳಿಯ ನನ್ನ ತಟ್ಟೆ ಬೇರೆ ಇಡಿಸಿದ.
ತಟ್ಟೆಯಿಂದ ಬರಲ್ಲ ಕಣಪ್ಪ, ರಕ್ತದಿಂದ ಬರುತ್ತೆ ಅಂದೆ.
ನಂಬಲಿಲ್ಲ. ಲಸಿಕೆ ಮಾತ್ರ ಮೂರೂ ಹಾಕಿಸಿಕೊಂಡ.

ನನಗೆ ಎಲ್ಲಿಂದ ಬಂತು?
ಅವ್ವ ಹೊಟ್ಟೆ ಊದಿ ಸತ್ತಳು, ಕಣ್ಣು ಹಳದಿಯಾಗಿ.
ಮಾಟ ಅಂದರು. ಲಿಂಬೆಹಣ್ಣು ಕೊಯ್ದರು.
ಬಾಣಂತಿ ಕೋಣೆಯ ಕತ್ತಲಲ್ಲಿ ಅವಳಿಂದ ನನಗೆ,
ನನ್ನಿಂದ ಶಶಿಕಲಾಗೆ.
ಹೊಕ್ಕುಳ ಬಳ್ಳಿ ಕತ್ತರಿಸಿದರೂ
ಒಂದು ದಾರ ಉಳಿದೇ ಇತ್ತು.

ಈ ಏಪ್ರಿಲ್ಲಿನಲ್ಲಿ ಶಶಿಕಲಾ ಹೆತ್ತಳು, ವಾಣಿವಿಲಾಸದಲ್ಲಿ.
ಬಸುರಿನ ಕೊನೆಯ ತಿಂಗಳುಗಳಲ್ಲಿ ಅವಳಿಗೂ ದಿನಕ್ಕೊಂದು ಮಾತ್ರೆ.
ಮಗು ಹುಟ್ಟಿ ಗಂಟೆ ಕಳೆಯುವುದರೊಳಗೆ
ಆ ತೊಡೆಗೊಂದು, ಈ ತೊಡೆಗೊಂದು ಸೂಜಿ.
ಕೆಂಪಗಾಗಿ, ಮುಷ್ಟಿ ಬಿಗಿದು
ಎಂಥಾ ಅಳು ಅಂತೀರಿ!
ನಾನು ನಗುತ್ತಿದ್ದೆ. ನರ್ಸಮ್ಮ ದುರುಗುಟ್ಟಿ ನೋಡಿದಳು.

ಗಂಟೆ ಐದೂಕಾಲು.
ಸಾಲದ ಪುಸ್ತಕದಲ್ಲಿ, ಮಲ್ಲಿಗೆ ಬಾಕಿಯ ಕೆಳಗೆ
ಮುಂದಿನ ರಕ್ತ ಪರೀಕ್ಷೆಯ ತಾರೀಖು ಬರೆದಿದ್ದೇನೆ.
ಆ ಪುಟ ಮಗುವಿನದೂ ಹೌದು,
ಒಂಬತ್ತು ತಿಂಗಳು ದಾಟಲಿ, ಅದಕ್ಕೂ ನೋಡಬೇಕು.
ಗೌಸಣ್ಣಾ, ಇನ್ನೊಂದು ಕಾಲು ಗಂಟೆ.
ಸಕ್ಕರೆ ಕಮ್ಮಿ.