ಎಂಟೆಲೆ, ಮ್ಯಾಲೊಂದು ಚೀಟಿ

ಗದಗಿನ ಪ್ರೆಸ್ಸಿನಾಗ ನಾ ಮೊಳೆ ಜೋಡಿಸೋ ಕಾಲ.
ಲಗ್ನಪತ್ರಿಕೆ, ಕಿರ್ದಿ ಬುಕ್ಕು, ಅಡತಿ ಅಂಗಡಿ ಬಿಲ್ಲು.
ಅದರ ನಡುವೆ ಒಂದಿನ ಧಾರವಾಡದ ಬಸ್ಸಿಳಿದು ಬಂದರು
ಮಂದಾಕಿನಿ ಅಣ್ಣಿಗೇರಿ,
ಹದಿನಾರು ಪುಟಕ್ಕಾಗುವಷ್ಟು ಕೈಬರಹ.
ಮೊದಲ ಮಾತೇ:
‘ಮೈನಸ್ ಚಿಹ್ನೆ ಎಷ್ಟದಾವ ನಿಮ್ಮ ಕಡೆ?’

ಕೇಸು ಕೆದಕಿ ಎಣಿಸಿದೆ. ನಲವತ್ತೊಂದು.
ಒಂದರ ತುದಿ ಸವೆದಿತ್ತು.
‘ಸಾಲೂದಿಲ್ಲ’ ಅಂದು ಸ್ಟೂಲಿನ ಮ್ಯಾಲೆ ಕೂತರು.

ಪ್ರೂಫು ನೋಡ್ತಾ ನೋಡ್ತಾ ಹೇಳಿದರು:
ಯಾವ ಸಂಖ್ಯೆನಾದರೂ ತಗೋರಿ, ತನ್ನಿಂದ ತನ್ನನ್ನ ಗುಣಿಸಿದರ
ಸಾಲ ಹುಟ್ಟೂದಿಲ್ಲ.
ಆದರ ಬ್ಯಾರೆ ಲೆಕ್ಕದ ಊರುಗಳದಾವ.
ಅಲ್ಲೆ ವರ್ಗಕ್ಕ ವರ್ಗ ಕೂಡಿಸ್ತಾ ಹೋದರ
ಒಂದು ರೂಪಾಯಿ ಸಾಲದ ಮ್ಯಾಲೆ ಬಂದು ನಿಲ್ಲತಾವ.
ಕಡಿಮೀ ಅಂದರ ಎಷ್ಟು ವರ್ಗ ಬೇಕು?
ಅದೇ ಆ ಊರಿನ ಮಟ್ಟ.

ನನಗ ಗೌಂಡಿಯ ರಸಮಟ್ಟ ನೆನಪಾತು,
ಗಾಜಿನೊಳಗ ನಡುವಿಗೆ ಬಂದು ನಿಂತ ಗುಳ್ಳಿ.

ಗುಣಾಕಾರದಾಗ ಹಿಂದ ಮುಂದ ನಡಿಯೋ ಊರಿನಾಗ
ಮಟ್ಟ ಒಂದು, ಎರಡು, ನಾಲ್ಕು, ಎಂಟು,
ಮೂರಂತೂ ಇಲ್ಲೇ ಇಲ್ಲ, ಅಂದರು.
ನಾ ಒಂದು ಹಾಳಿ ಎತ್ತಿ ಮಡಿಚಿದೆ,
ಮತ್ತ ಮಡಿಚಿದೆ, ಮತ್ತ.
‘ಇದನ್ನ ನಮ್ಮ ಬೈಂಡರ್ ಫಕ್ರುಸಾಬ ಬಲ್ಲ’ ಅಂದೆ.
ಅವರು ಕನ್ನಡಕ ತೆಗೆದು ಹಾಳಿ ನೋಡಿದರು, ಬಾಳ ಹೊತ್ತು.

ಆದರ ಅವರ ಪುಸ್ತಕ ಇದ್ದದ್ದು ಇನ್ನೊಂದು ಊರಿಂದು.
ಅಲ್ಲೆ ಐ, ಜೆ, ಕೆ. ಹಿಂದ ಮುಂದ ಆಗಂಗಿಲ್ಲ.
ಐ ಮುಂದ ಜೆ ಕೂತರ ಕೆ,
ಜೆ ಮುಂದ ಐ ಕೂತರ ಕೆ-ಗೆ ಮೈನಸ್.
ಇದು ನನಗ ಹೊಸದಲ್ಲ.
ಮೂವತ್ತು ವರ್ಷ ಕನ್ನಡಿಯೊಳಗಿನ ಸಾಲು ಓದಿದವ ನಾ,
ಬಲಗಡೆಯಿಂದ, ಬೆರಳಿನಿಂದ.

‘ಕ್ವಾಡ್ರಾಟಿಕ್ ಫಾರ್ಮ್’ ಅಂದಾಗ ಮಾತ್ರ ನಕ್ಕೆ.
ನಮ್ಮ ಕಡೆ ಕ್ವಾಡ್ ಅಂದರ ಖಾಲಿ ತುಂಡು, ಶಾಯಿ ಹತ್ತದ್ದು.
ಫಾರ್ಮು ಅಂದರ ಬೀಗ ಬಿಗಿದ ಚೌಕಟ್ಟು.
ಬರೇ ಕ್ವಾಡ್ ತುಂಬಿದ ಫಾರ್ಮು ಅಚ್ಚು ಹಾಕಿದರ
ಏನೂ ಮೂಡೂದಿಲ್ಲ, ಅಷ್ಟ.
‘ಹಂಗಲ್ಲ,’ ಅಂದರು, ‘ನಿಜವಾದ ಮೊಳೆ ಕೂಡಿಸಿಯೂ
ಸೊನ್ನಿ ಮೂಡಬೇಕು. ಮೂಡ್ತದೋ ಇಲ್ಲೋ,
ಮಟ್ಟದ ಪ್ರಶ್ನೆ ಪೂರಾ ಅಲ್ಲೇ ಬಂದು ಕೂಡತದ.’

ಅವತ್ತು ರಾತ್ರಿ ಮೈನಸ್ ಮುಗಿದವು.
ಏಳನೇ ಪುಟದಾಗ ಜೆ-ಐ ಸಾಲಿನ ಮುಂದ
ಒಂದು ಕ್ವಾಡ್ ಇಟ್ಟೆ, ಜಾಗ ಹಿಡಿಲಿ ಅಂತ.
ಬೆಳಿಗ್ಗೆ ಹುಬ್ಬಳ್ಳಿಯಿಂದ ಮೊಳೆ ಬಂದವು.
ನಾ ಮರೆತೆ.

ಐನೂರು ಪ್ರತಿ. ಮಡಿಚಿ ಹೊಲಿದಾಗಿತ್ತು.
ಅವರು ಏಳನೇ ಪುಟ ತೆಗೆದರು, ಬೆರಳು ಅಲ್ಲೇ ನಿಂತಿತು,
ಬಿಳೀ ಜಾಗದ ಮ್ಯಾಲೆ.
ಬೈಯಲಿಲ್ಲ. ಅದು ಇನ್ನೂ ಸುಡತದ.

ತಿದ್ದುಪಡಿ ಚೀಟಿ ಅಚ್ಚು ಹಾಕಿ
ಅಂಟು ಹಚ್ಚತಾ ಕೂತೆವು, ಫಕ್ರುಸಾಬ, ನಾ, ಅವರೂ.
ನೂರಾ ಎಷ್ಟನೆಯದೋ ಪ್ರತಿಗೆ ಅಂದೆ:
ಎಂಟೆಲೆ, ಮ್ಯಾಲೊಂದು ಚೀಟಿ. ಒಂಬತ್ತು.
ಅಂಟಿನ ಕೈ ಹಂಗ ನಿಂತಿತು.
‘ಹನ್ನೊಂದನೇ ಪುಟ ಓದಿದಿರೇನು?’
ಓದಿಲ್ಲರೀ, ಜೋಡಿಸೀನಿ.
‘ಈ ಊರಿನಾಗ ಅದೂ ಬರತದ. ಮಡಿಕೆಗೆ ಒಂದು ಹೆಚ್ಚು.
ಮೂರು, ಐದು, ಒಂಬತ್ತು.’
ಮತ್ತ ಆರು?
ಒಂದು ಚೀಟಿ ಅಂಟಿಸಿದರು. ಇನ್ನೊಂದು.
‘ಗೊತ್ತಿಲ್ಲ.’

ಫಕ್ರುಸಾಬ ಚಹಾ ತರಿಸಿದ.